ಕಾರ್ಡು ರೆಫರಿಯದು, ಶಿಕ್ಷೆ ಸಮಿತಿಯದು

ಕೇಳುಗರಿಗೆ ನಮಸ್ಕಾರ.

ಮಳೆಗಾಲ ಶುರುವಾಯಿತೆಂದರೆ ಬೆಳಗಾವಿಯ ಕ್ಯಾಂಪಿನಲ್ಲಿ, ಟಿಳಕವಾಡಿಯ ಲೇಲೆ ಮೈದಾನದಲ್ಲಿ ಕೆಸರಿನ ಜೊತೆಗೆ ಫುಟ್‌ಬಾಲ್ ಕೂಡ ಶುರುವಾಗುತ್ತದೆ. ಫುಟ್‌ಬಾಲ್ ಬೆನ್ನಿಗೆ ಜಗಳವೂ ಬರುತ್ತದೆ. ಕೆಂಪು ಕಾರ್ಡು ಹೊರಬಂದ ಕೂಡಲೇ ಇಡೀ ತಂಡ ರೆಫರಿಯನ್ನು ಮುತ್ತಿಕೊಳ್ಳುತ್ತದೆ. 'ನಾಳೆ ಫೈನಲ್ ಇದೆ, ಬಿಟ್ಟುಬಿಡಿ ಸರ್' ಎಂದು ಅಂಗಲಾಚುವವರು ಕೆಲವರು, ಕೊರಳಪಟ್ಟಿಗೆ ಕೈ ಹಾಕುವವರು ಕೆಲವರು. ಬಹಳ ವರ್ಷ ಸೀಟಿ ಊದಿದವನಾಗಿ ನಾನು ಇವತ್ತು ಒಂದೇ ಮಾತು ಹೇಳಲು ಬಂದಿದ್ದೇನೆ. ಕಾರ್ಡು ರೆಫರಿಯದು, ಶಿಕ್ಷೆ ಸಮಿತಿಯದು. ನಾಳೆಯ ಫೈನಲ್ಲಿಗೆ ಆಡಿಸುವುದು, ಬಿಡುವುದು ಆ ರೆಫರಿಯ ಕೈಯಲ್ಲಿಲ್ಲ. ಅವನ ಅಂಗಿ ಹಿಡಿದು ಪ್ರಯೋಜನವಿಲ್ಲ.

ಪೊಲೀಸರು ಹಿಡಿಯುತ್ತಾರೆ, ಶಿಕ್ಷೆಯನ್ನು ನ್ಯಾಯಾಧೀಶರು ಕೊಡುತ್ತಾರೆ. ದೊಡ್ಡ ಲೀಗುಗಳಲ್ಲಿಯೂ ವ್ಯವಸ್ಥೆ ಇಷ್ಟೇ. ರೆಫರಿ ಆಟಗಾರನನ್ನು ಆ ಪಂದ್ಯದಿಂದ ಹೊರಗೆ ಕಳಿಸುತ್ತಾನೆ, ರಾತ್ರಿ ಕುಳಿತು ವರದಿ ಬರೆಯುತ್ತಾನೆ. ಎಷ್ಟನೇ ನಿಮಿಷ, ಜೆರ್ಸಿಯ ಸಂಖ್ಯೆ ಎಷ್ಟು, ಒದ್ದದ್ದು ಚೆಂಡಿಗೋ ಮೊಣಕಾಲಿಗೋ, ಎಲ್ಲವೂ ಅದರಲ್ಲಿರಬೇಕು. 'ಬೈದನು' ಎಂದಷ್ಟೇ ಬರೆದರೆ ಸಾಲದು, ಬೈದ ಮಾತನ್ನೇ ಅಕ್ಷರಶಃ ಬರೆಯಬೇಕು. ನಮ್ಮ ಊರಿನ ರೆಫರಿಗೆ ಇದು ಕಷ್ಟದ ಕೆಲಸ. ಇಲ್ಲಿ ಒಬ್ಬನೇ ಹುಡುಗ ಒಂದೇ ಉಸಿರಿನಲ್ಲಿ ಕನ್ನಡ, ಮರಾಠಿ, ಕೊಂಕಣಿ ಮೂರರಲ್ಲೂ ಬೈಯಬಲ್ಲ! ಆ ವರದಿ ಶಿಸ್ತು ಸಮಿತಿಯ ಮೇಜಿಗೆ ಹೋಗುತ್ತದೆ. ಮುಂದಿನ ಎಷ್ಟು ಪಂದ್ಯ ನಿಷೇಧ, ಎಷ್ಟು ದಂಡ ಎಂಬುದು ಅಲ್ಲಿ ತೀರ್ಮಾನವಾಗುತ್ತದೆ.

ಇದನ್ನು ಮರೆತರೆ ಏನಾಗುತ್ತದೆ? ನಮ್ಮ ಬೆಂಗಳೂರಿನಲ್ಲೇ ನಡೆದದ್ದನ್ನು ಹೇಳುತ್ತೇನೆ. 2023ರ ಮಾರ್ಚ್ 3, ಕಂಠೀರವ ಕ್ರೀಡಾಂಗಣ. ಇಂಡಿಯನ್ ಸೂಪರ್ ಲೀಗಿನ ನಾಕೌಟ್ ಪಂದ್ಯದಲ್ಲಿ ಬೆಂಗಳೂರು ಎಫ್‌ಸಿ ಎದುರು ಕೇರಳ ಬ್ಲಾಸ್ಟರ್ಸ್. ಸೋತವರು ಮನೆಗೆ. ತೊಂಬತ್ತು ನಿಮಿಷ ಮುಗಿದರೂ ಗೋಲಿಲ್ಲ, ಹೆಚ್ಚುವರಿ ಅವಧಿ ಆರಂಭವಾಯಿತು. ಗೋಲಿನ ಮುಂದಿನ ಬಾಕ್ಸಿನ ಹೊರಗೆ ಬೆಂಗಳೂರಿಗೆ ಫ್ರೀ ಕಿಕ್, ಅಂದರೆ ಎದುರಾಳಿಯ ತಪ್ಪಿಗೆ ಸಿಗುವ ಒದೆತ, ಸಿಕ್ಕಿತು. ಕೇರಳದವರು ಚೆಂಡು ತಡೆಯಲು ಸಾಲಾಗಿ ನಿಂತು ಇನ್ನೂ ಗೋಡೆ ಕಟ್ಟುತ್ತಿದ್ದರು, ಗೋಲ್‌ಕೀಪರನ ಗಮನವೆಲ್ಲ ಗೋಡೆಯ ಮೇಲೆ. ಚೆಂಡಿನ ಹತ್ತಿರ ನಿಂತಿದ್ದವರು ಬೆಂಗಳೂರಿನ ಸುನಿಲ್ ಛೆಟ್ರಿ. ಸೀಟಿಗೆ ಕಾಯಲೇ ಇಲ್ಲ. ಮೆಲ್ಲಗೆ ಎತ್ತಿ ಖಾಲಿ ಬಲೆಗೆ ಹಾಕಿಬಿಟ್ಟರು. ರೆಫರಿ ಕ್ರಿಸ್ಟಲ್ ಜಾನ್ ಗೋಲು ಕೊಟ್ಟರು. ಫ್ರೀ ಕಿಕ್ಕನ್ನು ತಕ್ಷಣ ಹೊಡೆಯಲು ನಿಯಮದಲ್ಲಿ ಅವಕಾಶವಿದೆ. ಸೀಟಿಗೆ ಕಾಯಬೇಕು ಎಂದು ರೆಫರಿ ಸೂಚಿಸಿದ್ದರೆ ಮಾತ್ರ ಕಾಯಬೇಕು. ಸೂಚಿಸಿದ್ದರೋ ಇಲ್ಲವೋ ಎಂಬುದೇ ತಕರಾರು.

ತಕರಾರು ಇರಲಿ, ಅದಕ್ಕೆ ದಾರಿಯೂ ಇದೆ. ಆದರೆ ಕೇರಳದ ಕೋಚ್ ಇವಾನ್ ವುಕೊಮಾನೊವಿಚ್ ಏನು ಮಾಡಿದರು? ಗೆರೆಯ ಬಳಿ ನಿಂತು ತಮ್ಮ ಹುಡುಗರನ್ನೆಲ್ಲ ಹೊರಗೆ ಕರೆದರು. ಇನ್ನೂ ಇಪ್ಪತ್ತು ನಿಮಿಷಕ್ಕೂ ಹೆಚ್ಚು ಆಟ ಬಾಕಿ ಇತ್ತು. ಒಂದು ಗೋಲು ತೀರಿಸಲು ಬೇಕಾದಷ್ಟು ಹೊತ್ತು! ಹೋದವರು ಮರಳಲಿಲ್ಲ. ರೆಫರಿ ಕಾದು ನೋಡಿ ಬೆಂಗಳೂರು ಗೆದ್ದಿತೆಂದು ಘೋಷಿಸಿದರು.

ಮುಂದಿನದು ಸಮಿತಿಯ ಕೆಲಸ. ಪಂದ್ಯ ಮತ್ತೆ ಆಡಿಸಿ ಎಂದು ಕೇರಳ ಕೇಳಿತು, ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ನಿನ ಶಿಸ್ತು ಸಮಿತಿ ಆಗದು ಎಂದಿತು. ಮೈದಾನ ಬಿಟ್ಟದ್ದಕ್ಕೆ ಕ್ಲಬ್ಬಿಗೆ 4 ಕೋಟಿ ರೂಪಾಯಿ ದಂಡ. ಕೋಚಿಗೆ 10 ಪಂದ್ಯ ನಿಷೇಧ, 5 ಲಕ್ಷ ದಂಡ. ಬಹಿರಂಗ ಕ್ಷಮೆ ಕೇಳದಿದ್ದರೆ ಕ್ಲಬ್ಬಿನ ದಂಡ 6 ಕೋಟಿಗೆ, ಕೋಚಿನ ದಂಡ 10 ಲಕ್ಷಕ್ಕೆ ಏರುತ್ತದೆ ಎಂದೂ ಹೇಳಿತು. ಕ್ಷಮೆ ಕೇಳಿದರು. ಮೇಲ್ಮನವಿ ಹಾಕಿದರು, ಅದೂ ಬಿದ್ದುಹೋಯಿತು. ರೆಫರಿಯ ಮೇಲಿನ ಸಿಟ್ಟಿಗೆ ನಾಲ್ಕು ಕೋಟಿ! ಆಟ ಮುಗಿಸಿ ದೂರು ಬರೆದಿದ್ದರೆ ಕಾಗದದ ಖರ್ಚು ಮಾತ್ರ.

ಈ ಕಥೆಯಲ್ಲೇ ಸಮಯ ಹೋಯಿತು, ತಂತ್ರಜ್ಞರು ಗಾಜಿನಾಚೆಯಿಂದ ಕೈ ತೋರಿಸುತ್ತಿದ್ದಾರೆ. ಉಳಿದದ್ದನ್ನು ಬೇಗ ಹೇಳುತ್ತೇನೆ.

ರೆಫರಿ ತಪ್ಪಿದರೆ? 2014ರಲ್ಲಿ ಇಂಗ್ಲೆಂಡಿನ ಚೆಲ್ಸಿ ಮತ್ತು ಆರ್ಸೆನಲ್ ಕ್ಲಬ್ಬುಗಳ ಪಂದ್ಯದಲ್ಲಿ ಚೆಂಡಿಗೆ ಕೈ ಹಾಕಿದವನು ಆರ್ಸೆನಲ್‌ನ ಆಕ್ಸ್‌ಲೇಡ್-ಚೇಂಬರ್ಲಿನ್, ಕೆಂಪು ಕಾರ್ಡು ಸಿಕ್ಕಿದ್ದು ಅದೇ ತಂಡದ ಕೀರನ್ ಗಿಬ್ಸ್‌ಗೆ. 'ಕೈ ಹಾಕಿದ್ದು ನಾನೇ' ಎಂದು ಚೇಂಬರ್ಲಿನ್ ಹೇಳಿದರೂ ರೆಫರಿ ಕೇಳಲಿಲ್ಲ. ಕೆಲವೇ ದಿನಗಳಲ್ಲಿ ಗಿಬ್ಸ್ ಮೇಲಿನ ನಿಷೇಧ ರದ್ದಾಯಿತು. ಚೆಲ್ಸಿಯ ಆರು-ಸೊನ್ನೆ ಗೆಲುವು ಮಾತ್ರ ಹಾಗೇ ಉಳಿಯಿತು. ರೆಫರಿ ನೋಡದೇ ಇದ್ದರೆ? ಅದೇ ವರ್ಷದ ವಿಶ್ವಕಪ್ಪಿನಲ್ಲಿ ಉರುಗ್ವೆಯ ಲೂಯಿಸ್ ಸುವಾರೆಜ್ ಇಟಲಿಯ ಕಿಯೆಲ್ಲಿನಿಯ ಭುಜ ಕಚ್ಚಿದ. ಕಾರ್ಡೇ ಬರಲಿಲ್ಲ. ವಿಶ್ವ ಫುಟ್‌ಬಾಲ್ ಸಂಸ್ಥೆ ಫಿಫಾದ ಸಮಿತಿ ವಿಡಿಯೊ ನೋಡಿ ಒಂಬತ್ತು ಅಂತರರಾಷ್ಟ್ರೀಯ ಪಂದ್ಯ, ನಾಲ್ಕು ತಿಂಗಳು ಹೊರಗಿಟ್ಟಿತು. ಮತ್ತೆ ಅದೇ ಮಾತು: ಕಾರ್ಡು ರೆಫರಿಯದು, ಶಿಕ್ಷೆ ಸಮಿತಿಯದು. ಎಚ್ಚರಿಕೆ ಕೊಡುವ ಹಳದಿ ಕಾರ್ಡಿನ ಲೆಕ್ಕವಂತೂ ಮೊದಲೇ ಅಚ್ಚಾಗಿರುತ್ತದೆ. ಇಂಡಿಯನ್ ಸೂಪರ್ ಲೀಗಿನಲ್ಲಿ ನಾಲ್ಕಾದರೆ ಒಂದು ಪಂದ್ಯ ಹೊರಗೆ. ಯಾರ ಮುಲಾಜೂ ಇಲ್ಲ.

ಈಗ ನಮ್ಮ ಟೂರ್ನಮೆಂಟುಗಳ ವಿಷಯ. ಪೆಂಡಾಲಿನಲ್ಲಿ ಚಹಾ ಕುಡಿಯುತ್ತ ಶಿಕ್ಷೆ ನಿರ್ಧರಿಸುವವರು ಯಾರು? ಸಂಘಟಕರು. ಅವರದೇ ತಂಡ ಸೆಮಿಫೈನಲ್ಲಿನಲ್ಲಿರುತ್ತದೆ! ಒಮ್ಮೆ ನಾನು ಕೆಂಪು ಕಾರ್ಡು ತೋರಿಸಿ ಹೊರಗೆ ಕಳಿಸಿದ ಹುಡುಗ ಮರುದಿನ ಬೇರೆ ನಂಬರಿನ ಜೆರ್ಸಿ ಹಾಕಿಕೊಂಡು ನನ್ನೆದುರೇ ಟಾಸ್‌ಗೆ ಬಂದು ನಿಂತ. ಕೇಳಿದರೆ 'ಕಮಿಟಿ ಮಾಫ್ ಮಾಡಿದೆ ಸರ್' ಎಂದ. ಯಾವ ಕಮಿಟಿ, ಯಾವಾಗ ಕೂತಿತ್ತು ಎಂದು ಕೇಳಿದ್ದಕ್ಕೆ ಉತ್ತರವಿಲ್ಲ.

ಮುಂದಿನ ತಿಂಗಳು ಟೂರ್ನಮೆಂಟ್ ಇಟ್ಟುಕೊಂಡವರು ಕೇಳಿಸಿಕೊಳ್ಳಿ. ಮೊದಲ ಪಂದ್ಯಕ್ಕೆ ಮುಂಚೆಯೇ ಶಿಸ್ತು ಸಮಿತಿಯ ಮೂವರ ಹೆಸರು ಬರೆದು ಪೆಂಡಾಲಿಗೆ ಅಂಟಿಸಿ. ಆ ಮೂವರಲ್ಲಿ ಯಾರ ತಂಡವೂ ಆಡುತ್ತಿರಬಾರದು. ಯಾವ ತಪ್ಪಿಗೆ ಎಷ್ಟು ಪಂದ್ಯ ಎಂಬ ಪಟ್ಟಿಯೂ ಪಕ್ಕದಲ್ಲೇ ಇರಲಿ. ದೂರಿಗೆ ಒಂದಿಷ್ಟು ಠೇವಣಿ ಇಡಿ, ಪಂದ್ಯ ಮುಗಿದ ಎರಡು ಗಂಟೆಯೊಳಗೆ ಬರೆದು ಕೊಡಲು ಹೇಳಿ. ಇದಿಷ್ಟಕ್ಕೂ ಒಂದು ಹಾಳೆ, ನಾಲ್ಕು ಗುಂಡುಸೂಜಿ ಸಾಕು.

ನಮಸ್ಕಾರ.