ಗೋಪಾಲಗೌಡರನ್ನು ನೆನೆಯುವಾಗ ಕೊಳಗ ಮರೆಯಬಾರದು

ಗೆಳೆಯರೇ,

ಸಮಾಜವಾದಿ ನಾಯಕ ಶಾಂತವೇರಿ ಗೋಪಾಲಗೌಡರ ಹೆಸರು ಬಂದೊಡನೆ ಅವರ ಮಾತಿನ ಕಸುವು, ಬಡತನ, ಸಾಹಿತ್ಯ ಸಂಗೀತದ ಒಲವು ನೆನಪಾಗುತ್ತವೆ. ಅದೆಲ್ಲ ನಿಜವೇ. ಆದರೆ ಅವರ ರಾಜಕಾರಣ ಅರ್ಥವಾಗಬೇಕಾದರೆ ಒಂದು ಅಳತೆಯ ಪಾತ್ರೆಯಿಂದ ಶುರುಮಾಡಬೇಕು. ಅದು ಕೊಳಗ.

ಶಿವಮೊಗ್ಗ ಜಿಲ್ಲೆಯ ಸಾಗರ ಸೀಮೆಯ ಕಾಗೋಡಿನಲ್ಲಿ ಗದ್ದೆ ಮಾಡುತ್ತಿದ್ದವರು ಹೆಚ್ಚಾಗಿ ದೀವರ ಸಮುದಾಯದ ಒಕ್ಕಲುಗಳು. ಗದ್ದೆಯ ಒಡೆಯನಾದ ಧಣಿಗೆ ಗೇಣಿ ಕೊಡುವುದು ಭತ್ತದಲ್ಲಿ, ಅಳೆಯುವುದು ಅವನ ಕೊಳಗದಲ್ಲಿ. ಆ ಕೊಳಗ ರೂಢಿಯ ಅಳತೆಗಿಂತ ದೊಡ್ಡದು ಎಂಬುದೇ ಒಕ್ಕಲುಗಳ ಮೊದಲ ದೂರು. ಲೆಕ್ಕಕ್ಕೆ ಹೇಳುವುದಾದರೆ, ಕೊಳಗಕ್ಕೆ ಅರ್ಧ ಸೇರು ಹೆಚ್ಚು ಹಿಡಿದರೆ 20 ಕೊಳಗದ ಒಂದು ಖಂಡುಗಕ್ಕೆ 10 ಸೇರು ಹೆಚ್ಚುವರಿ ಹೋಗುತ್ತದೆ. ಹತ್ತು ಖಂಡುಗ ಗೇಣಿಯವನಿಗೆ ಅದು 100 ಸೇರು, ಅಂದರೆ ಮಳೆಗಾಲದ ಅನ್ನ. ಕಾಗದದ ಮೇಲೆ ಗೇಣಿ ಒಂದು ಕಾಳೂ ಏರಿರುವುದಿಲ್ಲ. ಎಷ್ಟೋ ಕಡೆ ಕಾಗದವೇ ಇರುತ್ತಿರಲಿಲ್ಲ: ಬಾಯಿಮಾತಿನ ಗೇಣಿ, ರಸೀದಿಯಿಲ್ಲ. ಅಳತೆ ಸರಿಯಿಲ್ಲ ಎಂದು ಬಾಯಿಬಿಟ್ಟವನನ್ನು ಗದ್ದೆಯಿಂದ ಬಿಡಿಸಿದರೆ, ತಾನು ಉಳುತ್ತಿದ್ದೆ ಎನ್ನಲು ಅವನ ಬಳಿ ಪುರಾವೆಯೇ ಇಲ್ಲ.

1951ರ ಏಪ್ರಿಲ್ 18ರಂದು ಒಕ್ಕಲುಗಳು ನೇಗಿಲು ಹಿಡಿದು ಗದ್ದೆಗಿಳಿದದ್ದು ಇದಕ್ಕಾಗಿ. ತಿಂಗಳನ್ನು ಗಮನಿಸಿ. ಮುಂಗಾರಿಗೆ ಮೊದಲು ಉಳದಿದ್ದರೆ ಆ ವರ್ಷದ ಬೆಳೆಯೇ ಇಲ್ಲ. ಸತ್ಯಾಗ್ರಹದ ಕ್ರಮ ಸರಳ: ಒಂದು ತಂಡ ಉಳಲು ಇಳಿಯುತ್ತದೆ, ಬಂಧನವಾಗುತ್ತದೆ, ಮತ್ತೊಂದು ತಂಡ ಇಳಿಯುತ್ತದೆ. ಎಚ್. ಗಣಪತಿಯಪ್ಪನವರು ರೈತ ಸಂಘ ಕಟ್ಟಿ ನೆಲ ಹದ ಮಾಡಿದ್ದರು. ಗೋಪಾಲಗೌಡರು ಮತ್ತು ಸಮಾಜವಾದಿ ಗೆಳೆಯರು ಅದನ್ನು ಊರಿನ ಜಗಳವಾಗಿ ಉಳಿಯಗೊಡಲಿಲ್ಲ. ಜೂನ್‌ನಲ್ಲಿ ಸಮಾಜವಾದಿಗಳ ರಾಷ್ಟ್ರನಾಯಕ ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದ ಮೇಲೆ ಕಾಗೋಡು ದೇಶಕ್ಕೆ ಗೊತ್ತಾಯಿತು.

ಆ ವರ್ಷವೇ ಭೂಮಿ ಕೈಗೆ ಬರಲಿಲ್ಲ. ಇದನ್ನು ಮುಚ್ಚಿಟ್ಟು ಕಾಗೋಡನ್ನು ಬರೀ ವಿಜಯಗಾಥೆ ಮಾಡುವುದು ಗೌಡರಿಗೆ ಮಾಡುವ ಅನ್ಯಾಯ. ಸಿಕ್ಕಿದ್ದು ಬೇರೆ: 1952ರಲ್ಲಿ 28 ವರ್ಷದ ಗೌಡರನ್ನು ಜನ ವಿಧಾನಸಭೆಗೆ ಕಳಿಸಿದರು. 1957ರಲ್ಲಿ ಸೋಲು, 1962 ಮತ್ತು 1967ರಲ್ಲಿ ಮತ್ತೆ ಗೆಲುವು.

1972ರ ಜೂನ್ 9ರಂದು, 49ನೇ ವಯಸ್ಸಿನಲ್ಲಿ ಅವರು ತೀರಿಕೊಂಡರು. ಉಳುವವನಿಗೇ ಭೂಮಿ ಎಂದ ದೇವರಾಜ ಅರಸು ಸರಕಾರದ ಭೂಸುಧಾರಣಾ ತಿದ್ದುಪಡಿ ಜಾರಿಗೆ ಬಂದದ್ದು 1974ರ ಮಾರ್ಚ್ 1ರಿಂದ. ಗೇಣಿದಾರ ನಮೂನೆ 7ರಲ್ಲಿ ಅರ್ಜಿ ಹಾಕಬೇಕಿತ್ತು, ಭೂ ನ್ಯಾಯಮಂಡಳಿ ವಿಚಾರಿಸಿ ತೀರ್ಮಾನಿಸಬೇಕಿತ್ತು. ಅಲ್ಲೂ ಕಾಡಿದ್ದು ಹಳೆಯ ತೊಡಕೇ. ಪಹಣಿಯಲ್ಲಿ ಉಳುವವನ ಹೆಸರಿದ್ದರೆ ದಾರಿ ಸಲೀಸು. ಇಲ್ಲದವನು ಅಕ್ಕಪಕ್ಕದ ಗದ್ದೆಯವರ ಸಾಕ್ಷಿ ಹುಡುಕಬೇಕಿತ್ತು, ಆ ಸಾಕ್ಷಿಯೂ ಅದೇ ಧಣಿಯ ಒಕ್ಕಲು. ಹೆದರಿ ಅರ್ಜಿಯನ್ನೇ ಹಾಕದವನಿಗೆ ಕಾನೂನು ಏನೂ ಕೊಡಲಿಲ್ಲ.

ಹಾಗಾಗಿ ನಿಮ್ಮಲ್ಲೊಂದು ಕೋರಿಕೆ. ಅಟ್ಟದ ಮೇಲೆ ಹಳೆಯ ಕೊಳಗವಿದ್ದರೆ ಉಜ್ಜಿ ಹೊಳಪು ಮಾಡಬೇಡಿ, ಗುರುತುಗಳು ಅಳಿಸಿಹೋಗುತ್ತವೆ. ಒಣ ಭತ್ತ ತುಂಬಿ, ಒಮ್ಮೆ ಅಂಚಿಗೆ ಸವರಿ, ಒಮ್ಮೆ ರಾಶಿ ಏರಿಸಿ, ಎರಡನ್ನೂ ಸೇರಿನಲ್ಲಿ ಅಳೆದು ಬರೆದಿಡಿ. ಗೇಣಿ ಕೊಡಲು ಬಳಸಿದ್ದೋ ಪಡೆಯಲು ಬಳಸಿದ್ದೋ, ಅದನ್ನೂ ಬರೆಯಿರಿ.