ಬಂಡೆಯ ಮೇಲೆ ಹಾಸಿದ ಗೋಣಿತಟ್ಟು

ಕೇಳುಗರೇ, ನಮಸ್ಕಾರ.

ಬೈಬಲ್ಲಿನ ಹೆಂಗಸರ ಬಗ್ಗೆ ಕಾದಂಬರಿ ಬರೆಯುವವರು ಹೆಚ್ಚಾಗಿ ರೂತಳ ಕಡೆಗೋ ಎಸ್ತೇರಳ ಕಡೆಗೋ ಹೋಗುತ್ತಾರೆ. ಅವರ ಹೆಸರಿನಲ್ಲಿ ಒಂದೊಂದು ಪುಸ್ತಕವೇ ಇದೆ. ನಾನು ಇವತ್ತು ಹೇಳುವ ಹೆಂಗಸಿಗೆ ಸಿಕ್ಕಿರುವುದು ಕೆಲವೇ ಸಾಲು. ಅವಳ ಹೆಸರು ರಿಚ್ಪಾ. ಎರಡನೆಯ ಸಮುವೇಲನ ಪುಸ್ತಕದಲ್ಲಿ ಅವಳ ಕತೆ ಎರಡು ಕಡೆ ಬರುತ್ತದೆ. ಎರಡೂ ಕಡೆ ಅವಳ ಬಾಯಿಂದ ಒಂದು ಮಾತೂ ಬರುವುದಿಲ್ಲ. ಕೆಲವು ತಿಂಗಳಿಂದ ನಾನು ಅವಳ ಕತೆ ಬರೆಯಲು ಕೂತಿದ್ದೇನೆ.

ರಿಚ್ಪಾ ಇಸ್ರಾಯೇಲಿನ ಮೊದಲ ಅರಸ ಸೌಲನ ಉಪಪತ್ನಿ. ಸೌಲ ಯುದ್ಧದಲ್ಲಿ ಸತ್ತ ಮೇಲೆ ಅವನ ಮಗ ಈಷ್ಬೋಶೆತ್ ಪಟ್ಟಕ್ಕೆ ಬರುತ್ತಾನೆ. ಅವನು ಸೇನಾಪತಿ ಅಬ್ನೇರನನ್ನು ಕೇಳುತ್ತಾನೆ, ನನ್ನ ತಂದೆಯ ಉಪಪತ್ನಿಯನ್ನು ಯಾಕೆ ಕೂಡಿದೆ ಎಂದು. ಅಬ್ನೇರನಿಗೆ ಸಿಟ್ಟು ಬರುತ್ತದೆ. ಅವನು ಎದುರಾಳಿ ಅರಸ ದಾವೀದನ ಪಕ್ಷ ಸೇರುತ್ತಾನೆ. ಒಂದು ರಾಜ್ಯವೇ ಉರುಳುತ್ತದೆ. ಆ ಆರೋಪ ನಿಜವೋ ಸುಳ್ಳೋ? ರಿಚ್ಪಾಳನ್ನು ಯಾರೂ ಕೇಳಲಿಲ್ಲ.

ಆಮೇಲೆ ದಾವೀದನ ಕಾಲ. ಮೂರು ವರ್ಷ ಬರ ಬೀಳುತ್ತದೆ. ಸೌಲ ಗಿಬ್ಯೋನ್ ಎಂಬ ಊರಿನ ಜನರನ್ನು ಕೊಂದ ಪಾಪವೇ ಇದಕ್ಕೆ ಕಾರಣ ಎಂದು ದೇವವಾಣಿ ಬರುತ್ತದೆ. ಹಿಂದೆ ಯೆಹೋಶುವ ನಾಯಕನಾಗಿದ್ದ ಕಾಲದಲ್ಲಿ ಇಸ್ರಾಯೇಲ್ಯರು ಅವರಿಗೆ ಪ್ರಾಣ ಉಳಿಸುವ ಮಾತು ಕೊಟ್ಟಿದ್ದರು. ಸೌಲ ಅದನ್ನು ಮುರಿದಿದ್ದ. ನಿಮಗೆ ಏನು ಕೊಡಲಿ ಎಂದು ದಾವೀದ ಕೇಳುತ್ತಾನೆ. ಬೆಳ್ಳಿ ಬಂಗಾರ ಬೇಡ, ಸೌಲನ ವಂಶದ ಏಳು ಗಂಡಸರನ್ನು ಕೊಡು ಅನ್ನುತ್ತಾರೆ. ಕೊಡುತ್ತಾನೆ. ಅದರಲ್ಲಿ ಇಬ್ಬರು ರಿಚ್ಪಾಳ ಮಕ್ಕಳು, ಅರ್ಮೋನಿ ಮತ್ತು ಮೆಫೀಬೋಶೆತ್. ಉಳಿದ ಐವರು ಸೌಲನ ಮೊಮ್ಮಕ್ಕಳು. ಏಳೂ ಜನರನ್ನು ಒಟ್ಟಿಗೆ ಗುಡ್ಡದ ಮೇಲೆ ತೂಗುಹಾಕುತ್ತಾರೆ. ಜವೆಗೋಧಿಯ ಸುಗ್ಗಿ ಆಗತಾನೇ ಶುರುವಾಗಿತ್ತು.

ರಿಚ್ಪಾ ಬಂಡೆಯ ಮೇಲೆ ಗೋಣಿತಟ್ಟು ಹಾಸಿ ಕೂತಳು. ಹಗಲು ಹಕ್ಕಿಗಳನ್ನು, ರಾತ್ರಿ ಕಾಡುಮೃಗಗಳನ್ನು ಹೆಣಗಳ ಹತ್ತಿರ ಬಿಡಲಿಲ್ಲ. ಆಕಾಶದಿಂದ ಮಳೆ ಬೀಳುವ ತನಕ.

ಇಷ್ಟೇ ಕತೆ. ಇದನ್ನು ಬರೆಯುವವರಿಗೆ ಮೊದಲು ಬರುವ ಆಸೆ ಏನು ಗೊತ್ತಾ? ಅವಳ ಬಾಯಿಗೆ ಮಾತು ಹಾಕುವುದು. ದಾವೀದನ ಎದುರು ಅವಳನ್ನು ನಿಲ್ಲಿಸಿ ಎರಡು ಪುಟ ಮಾತಾಡಿಸುವುದು. ನಾನೂ ಬರೆದೆ. ಓದಿ ನೋಡಿದರೆ ಅದು ನನ್ನ ದನಿ, ಅವಳದಲ್ಲ. ಹರಿದು ಹಾಕಿದೆ. ಅವಳಿಗೆ ಮಾತು ಬೇಡ, ಕೈಗೆ ಕೆಲಸ ಕೊಡೋಣ ಅನ್ನಿಸಿತು. ಆ ಗುಡ್ಡದ ಮೇಲೆ ಒಂದು ದಿನ ಹೇಗೆ ಕಳೆಯುತ್ತದೆ? ನೀರು ಎಲ್ಲಿಂದ ಬರುತ್ತದೆ? ನಿದ್ದೆ ಯಾವಾಗ?

ಮೊದಲು ಆ ತಟ್ಟಿನ ವಿಷಯ. ಚಿಕ್ಕವಳಿದ್ದಾಗ ಗೋಣಿತಟ್ಟು ಅಂದರೆ ನಮ್ಮ ಮನೆಯ ಅಕ್ಕಿಮೂಟೆಯ ಸೆಣಬಿನ ಚೀಲ ಅಂದುಕೊಂಡಿದ್ದೆ. ಆ ಸೀಮೆಯಲ್ಲಿ ಅದು ಆಡಿನ ಕೂದಲಿನಿಂದ ನೇಯ್ದ ಒರಟು ಕಪ್ಪು ಬಟ್ಟೆ. ಸತ್ತವರಿಗಾಗಿ ಅಳುವವರು ಉಡುವಂಥದ್ದು. ನಮ್ಮ ಕರಿಕಂಬಳಿಗೆ ಹತ್ತಿರ. ಹೊಲ ಕಾಯಲು ಕಂಬಳಿ ಹೊದ್ದು ಹೋಗುವವರನ್ನು ನೋಡಿದವರಿಗೆ ಅವಳು ಚೆನ್ನಾಗಿಯೇ ಕಾಣುತ್ತಾಳೆ, ಅಲ್ವಾ?

ಇನ್ನು ಕಾಲ. ನಮಗೆ ಮಳೆ ಅಂದರೆ ಜೂನ್. ಅಲ್ಲಿ ಹಾಗಲ್ಲ. ಜವೆಗೋಧಿ ಏಪ್ರಿಲ್ ಹೊತ್ತಿಗೆ ಕೊಯ್ಲಿಗೆ ಬರುತ್ತದೆ. ಮುಂದೆ ಬೇಸಿಗೆಯುದ್ದಕ್ಕೂ ಮಳೆ ಇಲ್ಲವೆಂದೇ ಹೇಳಬೇಕು. ಮೊದಲ ಮಳೆಗೆ ಅಕ್ಟೋಬರ್ ತನಕ ಕಾಯಬೇಕು. ಹಂಗಾಮಿನ ಮಳೆಯ ಲೆಕ್ಕ ಹಿಡಿದರೆ ಅವಳು ಕೂತದ್ದು ಐದಾರು ತಿಂಗಳು.

ಈ ತಿಂಗಳುಗಳನ್ನು ತುಂಬಲು ನನಗೆ ನೆರವಾದದ್ದು ಒಂದು ಸಣ್ಣ ಕಲ್ಲು. ಗೆಜೆರ್ ಎಂಬ ಹಳೆಯ ಊರಿನಲ್ಲಿ 1908ರಲ್ಲಿ ಅಗೆಯುವಾಗ ಸಿಕ್ಕಿದ್ದು. ಕ್ರಿಸ್ತಪೂರ್ವ 10ನೇ ಶತಮಾನದ್ದು, ಅಂದರೆ ಹೆಚ್ಚುಕಡಿಮೆ ದಾವೀದ, ಅವನ ಮಗ ಸೊಲೊಮೋನರ ಕಾಲದ್ದು. ವರ್ಷದ ಯಾವ ತಿಂಗಳಲ್ಲಿ ಯಾವ ಬೇಸಾಯ ಎಂದು ಅದರಲ್ಲಿ ಕೆತ್ತಿದ್ದಾರೆ. ಜವೆಗೋಧಿ ಕೊಯ್ಯುವ ತಿಂಗಳು. ಕೊಯ್ದು ಅಳೆಯುವ ತಿಂಗಳು. ಎರಡು ತಿಂಗಳು ದ್ರಾಕ್ಷಿ ಬಳ್ಳಿಯ ಕೆಲಸ. ಆಮೇಲೆ ಬೇಸಿಗೆ ಹಣ್ಣಿನ ತಿಂಗಳು. ಅದನ್ನು ಓದಿದಾಗ ನನ್ನ ಕತೆಯ ಅಧ್ಯಾಯಗಳು ಅಲ್ಲೇ ಸಿಕ್ಕಿದವು. ಗುಡ್ಡದ ಕೆಳಗೆ ಜನ ಕೊಯ್ದರು, ಅಳೆದರು, ಅಂಜೂರ ಒಣಗಿಸಿದರು. ಮೇಲೆ ಅವಳು ಕೋಲು ಹಿಡಿದು ಕೂತಿದ್ದಳು.

ಆ ಗುಡ್ಡ ಸೌಲನ ಊರಾದ ಗಿಬೆಯದ್ದು ಎನ್ನುತ್ತದೆ ಹೀಬ್ರೂ ಪಾಠ. ಅದು ಈಗಿನ ತೆಲ್ ಎಲ್ ಫುಲ್ ಎಂದು ಹಲವು ವಿದ್ವಾಂಸರ ಅಭಿಪ್ರಾಯ. ಜೆರುಸಲೇಮಿನಿಂದ ಉತ್ತರಕ್ಕೆ ಸುಮಾರು 5 ಕಿಲೋಮೀಟರ್. ದಾವೀದನ ಅರಮನೆಯಿಂದ ನಡೆದು ಬಂದರೆ ಒಂದು ಗಂಟೆಯ ದಾರಿ! ತೂಗುಹಾಕಿದ ಹೆಣವನ್ನು ರಾತ್ರಿಯಿಡೀ ಬಿಡಬಾರದು, ಅದೇ ದಿನ ಮಣ್ಣು ಮಾಡಬೇಕು ಎಂದು ಬೈಬಲ್ಲಿನ ಧರ್ಮೋಪದೇಶಕಾಂಡದಲ್ಲಿ ನಿಯಮವೇ ಇದೆ. ಆ ದಾರಿಯಲ್ಲಿ ಎಷ್ಟು ಜನ ತಲೆ ತಗ್ಗಿಸಿಕೊಂಡು ಓಡಾಡಿರಬೇಕು. ಇದನ್ನು ನೆನೆದಾಗಲೆಲ್ಲ ನನಗೆ ಹೊಟ್ಟೆ ಕಿವುಚುತ್ತದೆ.

ಇನ್ನೊಬ್ಬ ತಾಯಿಯೂ ಇದ್ದಾಳೆ. ಆ ಐವರನ್ನು ಹೆತ್ತವಳು. ಅವಳ ಹೆಸರು ಕೆಲವು ಹಸ್ತಪ್ರತಿಗಳಲ್ಲಿ ಮೇರಬ, ಕೆಲವದರಲ್ಲಿ ಮೀಕಲ. ಇಬ್ಬರೂ ಸೌಲನ ಹೆಣ್ಣುಮಕ್ಕಳು. ಮೀಕಲಳಿಗೆ ಮಕ್ಕಳೇ ಇರಲಿಲ್ಲ ಎಂದು ಅದೇ ಪುಸ್ತಕ ಹೇಳುತ್ತದೆ, ಹಾಗಾಗಿ ಮೇರಬಳೇ ಇರಬೇಕು. ಐದು ಮಕ್ಕಳನ್ನು ಕಳೆದುಕೊಂಡವಳ ಹೆಸರೂ ನೆಟ್ಟಗೆ ಉಳಿಯಲಿಲ್ಲ. ನನ್ನ ಕತೆಯಲ್ಲಿ ಅವಳು ಬೇರೆ ಊರಿನಲ್ಲಿ ಹಾಸಿಗೆ ಹಿಡಿದಿದ್ದಾಳೆ. ಬರಲಾರಳು. ಅವಳ ಮಕ್ಕಳನ್ನೂ ರಿಚ್ಪಾಳೇ ಕಾಯುತ್ತಾಳೆ.

ಒಂದು ತುಣುಕು ಓದುತ್ತೇನೆ.

"ಬೆಳಗಿನ ಜಾವ ನರಿಗಳು ಹೊರಟುಹೋಗುತ್ತವೆ. ಕಾಗೆಗಳು ಇನ್ನೂ ಎದ್ದಿರುವುದಿಲ್ಲ. ಬಿಸಿಲೇರಿ ಗಾಳಿ ಕಾಯುವ ತನಕ ರಣಹದ್ದುಗಳು ಮೇಲೇಳವು. ಆ ಸ್ವಲ್ಪ ಹೊತ್ತು ರಿಚ್ಪಾಳದು. ಬಂಡೆಗೆ ಒರಗಿ ಕಣ್ಣು ಮುಚ್ಚುತ್ತಾಳೆ. ಕೋಲು ಮಾತ್ರ ಕೈಯಲ್ಲೇ ಇರುತ್ತದೆ. ಕೆಳಗಿನ ಊರಿನ ಹುಡುಗಿಯೊಬ್ಬಳು ನೀರಿನ ಗಡಿಗೆ ಇಟ್ಟು, ಮುಖ ತಿರುಗಿಸಿಕೊಂಡು, ಓಡಿಹೋಗುತ್ತಾಳೆ."

ಕೊನೆಗೆ ಸುದ್ದಿ ದಾವೀದನಿಗೆ ಮುಟ್ಟುತ್ತದೆ. ಅವನು ಯಾಬೇಷ್ ಗಿಲ್ಯಾದ್ ಎಂಬ ಊರಿನಿಂದ ಸೌಲನ, ಅವನ ಮಗ ಯೋನಾತಾನನ ಎಲುಬುಗಳನ್ನು ತರಿಸುತ್ತಾನೆ. ಗುಡ್ಡದ ಮೇಲಿನ ಏಳು ಜನರ ಎಲುಬುಗಳನ್ನೂ ಕೂಡಿಸಲು ಹೇಳುತ್ತಾನೆ. ಬೆನ್ಯಾಮೀನರ ಸೀಮೆಯ ಚೇಲ ಎಂಬಲ್ಲಿ, ಸೌಲನ ತಂದೆ ಕೀಷನ ಸಮಾಧಿಯಲ್ಲಿ ಮಣ್ಣು ಮಾಡಿಸುತ್ತಾರೆ. ಆಮೇಲೆ ದೇವರು ನಾಡಿನ ಮೊರೆ ಕೇಳಿದನು ಎಂದು ಬರೆದಿದೆ. ಏಳು ಜನ ಸತ್ತ ಮೇಲೆ ಎಂದಲ್ಲ, ಮಣ್ಣು ಮಾಡಿದ ಮೇಲೆ. ಇದನ್ನು ನಾನು ಎಷ್ಟೋ ವರ್ಷ ಗಮನಿಸಿಯೇ ಇರಲಿಲ್ಲ.

ರಿಚ್ಪಾ ಏನಾದಳು ಎಂದು ಮಾತ್ರ ಬರೆದಿಲ್ಲ. ನನ್ನ ಕತೆ ಗುಡ್ಡದ ಮೇಲೆಯೇ ನಿಲ್ಲುತ್ತದೆ. ಮಳೆ ಹೊಯ್ಯುತ್ತಿದೆ. ತಟ್ಟು ನೆನೆದು ಭಾರವಾಗಿದೆ. ಅರಸನ ಆಳುಗಳು ಬಟ್ಟೆ ಹಿಡಿದು ಬಂದಿದ್ದಾರೆ. ಯಾವ ಎಲುಬು ಯಾರದು ಎಂದು ಅವರಿಗೆ ತಿಳಿಯುವುದಿಲ್ಲ. ಅವಳ ಕಡೆ ನೋಡುತ್ತಾರೆ. ಅವಳು ಕೋಲು ಕೆಳಗಿಟ್ಟು, ಎದ್ದು, ಬೆರಳು ತೋರಿಸುತ್ತಾಳೆ. ಒಬ್ಬೊಬ್ಬರನ್ನಾಗಿ, ಏಳೂ ಜನರನ್ನು.