ಗ್ರಹಣದವರೆಗಿನ ಕಥೆ: 1997ರ ‘ಬರ್ಸರ್ಕ್’ ಸರಣಿಯ ಗುಣದೋಷ ವಿಚಾರ

ಆತ್ಮೀಯರೇ,

ಡಾರ್ಕ್ ಫ್ಯಾಂಟಸಿ, ಅಂದರೆ ಕರಾಳ ಕಲ್ಪನಾಲೋಕದ ಕಥೆ, ಎಂದು ಕರೆಸಿಕೊಳ್ಳುವ ಜಪಾನಿ ಅನಿಮೆಗಳ (ಆನಿಮೇಷನ್ ಚಿತ್ರಗಳ) ಬಗ್ಗೆ ಎಲ್ಲಿ ಮಾತು ನಡೆದರೂ ‘ಬರ್ಸರ್ಕ್’ ಹೆಸರು ಬೇಗನೆ ಕೇಳಿಬರುತ್ತದೆ. ಹೀಗೆ ಪದೇ ಪದೇ ಹೆಸರಿಸಲ್ಪಡುವ ಕೃತಿಗಳಿಗೆ ಒಂದು ತೊಂದರೆಯಿದೆ. ಹೊಗಳುವವರು ಅದರ ಕೊರತೆಗಳನ್ನು ನೋಡುವುದನ್ನು ಬಿಡುತ್ತಾರೆ. ಹೊಸದಾಗಿ ನೋಡುವವರು ಹಳೆಯ ಚಿತ್ರಗಳನ್ನು ಕಂಡು ಇದರಲ್ಲಿ ಅಂಥದ್ದೇನಿದೆ ಎಂದು ಎದ್ದುಹೋಗುತ್ತಾರೆ. ಇಂದು ನಾನು ಮಾತನಾಡಲಿರುವುದು 1997ರ ದೂರದರ್ಶನ ಸರಣಿಯೊಂದನ್ನೇ ಕುರಿತು. ಇದರ ದೊಡ್ಡ ಗುಣವೂ ದೊಡ್ಡ ದೋಷವೂ ಒಂದೇ ನಿರ್ಧಾರದಿಂದ ಹುಟ್ಟಿವೆ ಎಂಬುದು ನನ್ನ ವಾದ. ಕಥೆಯ ಕೊನೆಯನ್ನು ಮುಚ್ಚಿಟ್ಟು ಈ ವಾದವನ್ನು ಮುಂದಿಡಲು ಸಾಧ್ಯವಿಲ್ಲವಾದ್ದರಿಂದ, ಇನ್ನೂ ನೋಡದವರು ದಯವಿಟ್ಟು ಕ್ಷಮಿಸಬೇಕು.

ಮೂಲ ಕೃತಿ ಕೆಂಟಾರೊ ಮಿಯುರಾ ಅವರ ಮಂಗಾ, ಅಂದರೆ ಜಪಾನಿ ಚಿತ್ರಕಥೆ. 1989ರಲ್ಲಿ ಧಾರಾವಾಹಿಯಾಗಿ ಆರಂಭವಾದ ಇದು 2021ರ ಮೇ ತಿಂಗಳಲ್ಲಿ ಮಿಯುರಾ ಅವರು ತಮ್ಮ 54ನೆಯ ವಯಸ್ಸಿನಲ್ಲಿ ತೀರಿಕೊಂಡಾಗಲೂ ಮುಗಿದಿರಲಿಲ್ಲ. ಅವರ ಗೆಳೆಯ ಕೌಜಿ ಮೊರಿ ಅವರ ಮೇಲ್ವಿಚಾರಣೆಯಲ್ಲಿ ಮಿಯುರಾ ಅವರ ಸಹಾಯಕ ಕಲಾವಿದರು 2022ರಿಂದ ಅದನ್ನು ಮುಂದುವರಿಸುತ್ತಿದ್ದಾರೆ. ನಾವು ಚರ್ಚಿಸುತ್ತಿರುವ ಸರಣಿ 1997ರ ಅಕ್ಟೋಬರ್‌ನಿಂದ 1998ರ ಮಾರ್ಚ್‌ವರೆಗೆ ನಿಪ್ಪಾನ್ ಟೆಲಿವಿಷನ್ ವಾಹಿನಿಯಲ್ಲಿ ತಡರಾತ್ರಿ ಪ್ರಸಾರವಾಯಿತು. ನಿರ್ದೇಶಕರು ನಾವೊಹಿತೊ ತಕಹಾಶಿ, ಕಂತುಗಳು 25, ನಿರ್ಮಿಸಿದ್ದು ಓಎಲ್‌ಎಂ ಸ್ಟುಡಿಯೊ. ಅದೇ ವರ್ಷ ಅದೇ ಸ್ಟುಡಿಯೊದಿಂದ ‘ಪೋಕೆಮಾನ್’ ಕೂಡ ಹೊರಬಂದಿತೆಂಬುದನ್ನು ನೆನೆದರೆ ನನಗೆ ಈಗಲೂ ಸೋಜಿಗವೆನಿಸುತ್ತದೆ.

ಮಂಗಾದ ಅಗಾಧ ವಿಸ್ತಾರದಲ್ಲಿ ಸರಣಿಯವರು ‘ಸುವರ್ಣಯುಗ’ ಎಂಬ ಒಂದೇ ಘಟ್ಟವನ್ನು ಆರಿಸಿಕೊಂಡರು. ಇದೇ ನಾನು ಹೇಳಿದ ನಿರ್ಧಾರ. ಮೊದಲ ಕಂತಿನಲ್ಲಿ ಒಂಟಿಗಣ್ಣಿನ, ಕಬ್ಬಿಣದ ಎಡಗೈಯ, ಆಳೆತ್ತರದ ಖಡ್ಗ ಹೊತ್ತ ಗಟ್ಸ್ ಎಂಬ ಕಪ್ಪು ಉಡುಪಿನ ಅಲೆಮಾರಿ ಒಂದು ಊರಿಗೆ ಬಂದು ಅಲ್ಲಿನ ರಾಕ್ಷಸನನ್ನು ಕೊಲ್ಲುತ್ತಾನೆ. ಎರಡನೆಯ ಕಂತಿನಲ್ಲಿ ಅದೇ ಗಟ್ಸ್ ಎರಡು ಕಣ್ಣು, ಎರಡು ಕೈಗಳಿರುವ ಹದಿಹರೆಯದ ಬಾಡಿಗೆ ಸೈನಿಕ. ಅಲ್ಲಿಂದ ಕೊನೆಯವರೆಗೂ ಕಥೆ ಹಿಂದಿನ ಕಾಲದಲ್ಲೇ ನಡೆಯುತ್ತದೆ. ಹೀಗಾಗಿ ಗಟ್ಸ್ ನಗುವುದನ್ನು ಕಲಿಯುವಾಗ, ಗೆಳೆಯರನ್ನು ಪಡೆಯುವಾಗ, ಪ್ರೀತಿಸುವಾಗ ಪ್ರೇಕ್ಷಕನಿಗೆ ಒಂದು ಸಂಗತಿ ಮೊದಲೇ ಗೊತ್ತಿರುತ್ತದೆ: ಈ ಕಣ್ಣು, ಈ ಕೈ, ಈ ಗೆಳೆಯರು ಯಾರೂ ಅವನಿಗೆ ಉಳಿಯುವುದಿಲ್ಲ. ಏನಾಗುತ್ತದೆ ಎಂಬ ಕುತೂಹಲದ ಜಾಗದಲ್ಲಿ ಹೇಗಾಗುತ್ತದೆ ಎಂಬ ಆತಂಕ ಬಂದು ಕೂರುತ್ತದೆ.

ಆನಂತರ ಕಲ್ಪನಾಲೋಕದ ಸಾಮಗ್ರಿಯನ್ನು ಸರಣಿ ಬಹುಪಾಲು ಹಿಂದಕ್ಕೆ ಸರಿಸುತ್ತದೆ. ಮಧ್ಯಯುಗದ ಯೂರೋಪನ್ನು ಹೋಲುವ ಮಿಡ್‌ಲ್ಯಾಂಡ್ ರಾಜ್ಯ, ನೂರು ವರ್ಷಗಳಿಂದ ನಡೆಯುತ್ತಿರುವ ಯುದ್ಧ, ಗ್ರಿಫಿತ್ ಎಂಬ ಯುವಕ ಕಟ್ಟಿದ ಗಿಡುಗ ಪಡೆ, ಆಸ್ಥಾನದ ಮತ್ಸರ ಮತ್ತು ಒಳಸಂಚು, ಇವೇ ಕಥೆಯ ದಿನನಿತ್ಯದ ವ್ಯವಹಾರ. ಅಮಾನುಷವಾದದ್ದು ಒಮ್ಮೆ ಜಾಡ್ ಎಂಬ ಕೊಂಬಿನ ದೈತ್ಯನ ರೂಪದಲ್ಲಿ ಬಂದುಹೋಗುತ್ತದೆ. ಗ್ರಿಫಿತ್‌ನ ಕೊರಳಲ್ಲಿರುವ, ಮುಖದ ಅವಯವಗಳು ಚದುರಿದಂತಿರುವ ಕೆಂಪು ಬೆಹೆಲಿತ್ ಕಲ್ಲನ್ನು ಕಂಡು ಜಾಡ್ ಕೊಲ್ಲದೆ ಹಿಂದೆ ಸರಿಯುತ್ತಾನೆ. ಗ್ರಿಫಿತ್‌ನ ಆಸೆ ಕುಸಿದುಬಿದ್ದ ದಿನ ತಪ್ಪಿಸಿಕೊಳ್ಳಲಾಗದ ಸಾವು ನಿನ್ನ ಬಳಿಗೆ ಬರುತ್ತದೆ ಎಂದು ಗಟ್ಸ್‌ಗೆ ಎಚ್ಚರಿಕೆ ಕೊಟ್ಟು ಹಾರಿಹೋಗುತ್ತಾನೆ. ಅದಾದ ಮೇಲೆ ಸರಣಿ ಆ ಮಾತನ್ನು ಮರೆತಂತೆ ನಟಿಸುತ್ತದೆ. ಪ್ರೇಕ್ಷಕರಾದ ನಾವೂ ಮರೆಯುತ್ತೇವೆ. ಪ್ರತಿ ಕಂತಿಗೊಬ್ಬ ರಾಕ್ಷಸನನ್ನು ತಂದು ನಿಲ್ಲಿಸುವ ಸರಣಿಗಳಿಗೆ ಈ ಸಂಯಮ ಬರುವುದಿಲ್ಲ. ದಿನವೂ ಕಂಡ ರಾಕ್ಷಸನಿಗೆ ಯಾರೂ ಹೆದರುವುದಿಲ್ಲವಷ್ಟೆ.

ಈ ಸಂಯಮದಿಂದ ಸಿಕ್ಕ ಕಾಲಾವಕಾಶವೆಲ್ಲ ಗಟ್ಸ್ ಮತ್ತು ಗ್ರಿಫಿತ್‌ರ ಸಂಬಂಧಕ್ಕೆ ಮೀಸಲಾಗಿದೆ. ಇಲ್ಲಿ ಸರಣಿಯ ಕಥನ ನಿಜಕ್ಕೂ ಉನ್ನತ ಮಟ್ಟದ್ದು. ಗ್ರಿಫಿತ್ ದ್ವಂದ್ವಯುದ್ಧದಲ್ಲಿ ಗಟ್ಸ್‌ನನ್ನು ಸೋಲಿಸಿ ತನ್ನವನನ್ನಾಗಿ ಮಾಡಿಕೊಳ್ಳುತ್ತಾನೆ. ಮೂರು ವರ್ಷಗಳಲ್ಲಿ ಗಟ್ಸ್ ಅವನ ಬಲಗೈಯಾಗುತ್ತಾನೆ. ಗ್ರಿಫಿತ್‌ನ ಆಣತಿಯಂತೆ ರಾಜನ ತಮ್ಮನನ್ನು ಕೊಲ್ಲಲು ಹೋದ ರಾತ್ರಿ, ಹಿಂದಿನಿಂದ ಸದ್ದು ಕೇಳಿ ತಿರುಗಿದ ಗಟ್ಸ್‌ನ ಖಡ್ಗಕ್ಕೆ ಆ ಮನೆಯ ಚಿಕ್ಕ ಹುಡುಗನೂ ಬಲಿಯಾಗುತ್ತಾನೆ. ಮೈಯೆಲ್ಲ ಗಾಯವಾಗಿ, ಮನಸ್ಸು ಕದಡಿ, ಗ್ರಿಫಿತ್‌ನನ್ನು ಹುಡುಕಿಕೊಂಡು ಬಂದ ಅವನ ಕಿವಿಗೆ ಬೀಳುವುದು ಗ್ರಿಫಿತ್ ರಾಜಕುಮಾರಿ ಶಾರ್ಲೆಟ್‌ಗೆ ಹೇಳುತ್ತಿರುವ ಮಾತು. ನನ್ನ ಪಡೆಯವರು ಒಳ್ಳೆಯ ಸಂಗಾತಿಗಳು, ಆದರೆ ನಾನು ಗೆಳೆಯನೆಂದು ಕರೆಯುವವನು ಬೇರೆಯವರ ಕನಸಿಗೆ ಜೋತುಬೀಳದೆ ತನ್ನದೇ ಕನಸಿಗಾಗಿ ಬದುಕುವವನು, ನನಗೆ ಸರಿಸಮನಾಗಿ ನಿಲ್ಲುವವನು ಎಂಬುದು ಅದರ ಸಾರ. ಗಟ್ಸ್ ಆಗಷ್ಟೇ ಮಗುವನ್ನು ಕೊಂದು ಬಂದಿರುವುದು ಇದೇ ಮನುಷ್ಯನ ಕನಸಿಗಾಗಿ. ಸರಣಿ ಇಲ್ಲಿ ಒಂದು ಮಾತಿನ ವಿವರಣೆಯನ್ನೂ ಕೊಡುವುದಿಲ್ಲ. ಎರಡು ದೃಶ್ಯಗಳನ್ನು ಅಕ್ಕಪಕ್ಕದಲ್ಲಿಟ್ಟು ಸುಮ್ಮನಾಗುತ್ತದೆ.

ಮುಂದಿನ ಅನಾಹುತವೆಲ್ಲ ಈ ಒಂದು ಮಾತಿನಿಂದ ಹರಿದುಬರುತ್ತದೆ. ಸಮಾನನಾಗಬೇಕೆಂಬ ಆಸೆಯಿಂದಲೇ ಯುದ್ಧ ಮುಗಿದ ಮೇಲೆ ಗಟ್ಸ್ ಪಡೆಯನ್ನು ಬಿಟ್ಟು ಹೊರಡುತ್ತಾನೆ. ತಡೆಯಲು ಬಂದ ಗ್ರಿಫಿತ್ ಹಿಮದ ನಡುವೆ ಒಂದೇ ಹೊಡೆತಕ್ಕೆ ಸೋಲುತ್ತಾನೆ. ಯಾರ ಮೇಲೂ ಅವಲಂಬಿತನಲ್ಲ ಎಂದು ತೋರಿಸಿಕೊಂಡಿದ್ದ ಗ್ರಿಫಿತ್, ಗಟ್ಸ್ ಹೋದ ರಾತ್ರಿಯೇ ರಾಜಕುಮಾರಿಯ ಕೋಣೆಗೆ ನುಗ್ಗಿ, ಅದುವರೆಗೆ ಕಟ್ಟಿದ್ದೆಲ್ಲವನ್ನೂ ತಾನೇ ಕೆಡವಿಕೊಳ್ಳುತ್ತಾನೆ. ಒಂದು ವರ್ಷದ ಸೆರೆವಾಸ ಮತ್ತು ಚಿತ್ರಹಿಂಸೆಯ ನಂತರ ಗೆಳೆಯರು ಬಿಡಿಸಿ ತಂದಾಗ ಅವನಿಗೆ ನಾಲಿಗೆಯಿಲ್ಲ, ಕೈಕಾಲುಗಳ ನರಗಳು ಕತ್ತರಿಸಿಹೋಗಿವೆ. ಬೆಹೆಲಿತ್ ಎಚ್ಚರಗೊಂಡು, ಗ್ರಹಣ ಕವಿದು, ನಾಲ್ವರು ಕರಾಳ ದೇವತೆಗಳು ಎದುರಾಗಿ ನಿನ್ನ ಕನಸು ಬೇಕಿದ್ದರೆ ಇವರೆಲ್ಲರನ್ನೂ ಬಲಿಕೊಡು ಎಂದು ಕೇಳುವಾಗ, ಅವನ ಉತ್ತರ ನಮಗೆ ಭಯಂಕರವಾಗಿ ಕಾಣುತ್ತದೆಯೇ ಹೊರತು ಅನಿರೀಕ್ಷಿತವಾಗಿ ಕಾಣುವುದಿಲ್ಲ. ತನ್ನ ಕನಸನ್ನು ತಾನೇ ಮರೆಯುವಂತೆ ಮಾಡಿದವನು ಗಟ್ಸ್ ಒಬ್ಬನೇ ಎಂದು ಗುರುತಿಸಿದ ನಂತರವೇ ಅವನು ಬಲಿಗೆ ಒಪ್ಪುತ್ತಾನೆ. ಈ ಖಳ ಹುಟ್ಟುವುದನ್ನು ನಾವು ಇಪ್ಪತ್ತಕ್ಕೂ ಹೆಚ್ಚು ಕಂತುಗಳ ಕಾಲ ಪ್ರೀತಿಯಿಂದಲೇ ನೋಡಿರುತ್ತೇವೆ.

ಕಂತುಗಳ ಆರಂಭದಲ್ಲಿ ಬರುವ ನಿರೂಪಣೆ, ಮನುಷ್ಯನ ಹಣೆಬರಹವನ್ನು ಯಾವುದೋ ಅತೀತ ಶಕ್ತಿ ನಡೆಸುತ್ತಿದೆಯೇ ಎಂದು ಕೇಳಿ, ಅವನಿಗೆ ತನ್ನ ಇಚ್ಛೆಯ ಮೇಲೂ ಹಿಡಿತವಿಲ್ಲವೆಂದು ತೀರ್ಪು ಕೊಡುತ್ತದೆ. ನನಗೆ ಈ ತೀರ್ಪು ಕಥೆಗಿಂತ ಕಡಿಮೆ ಬುದ್ಧಿಯದ್ದೆನಿಸುತ್ತದೆ. ಎಲ್ಲವೂ ವಿಧಿಯ ಆಟವೇ ಆಗಿದ್ದರೆ ಗ್ರಿಫಿತ್ ತನ್ನ ಬಾಯಿಯಿಂದಲೇ ಬಲಿಯನ್ನು ಘೋಷಿಸಬೇಕಾದ ಅಗತ್ಯವೇನಿತ್ತು? ಕಥೆ ಈ ಬಿಕ್ಕಟ್ಟನ್ನು ಜೀವಂತವಾಗಿ ಇಟ್ಟುಕೊಂಡಿದೆ. ನಿರೂಪಣೆ ಮಾತ್ರ ಅದನ್ನು ಮೊದಲೇ ಮುಗಿಸಿಬಿಡುತ್ತದೆ.

ಇನ್ನು ದೃಶ್ಯದ ವಿಚಾರ. ಈ ಸರಣಿಗೆ ಧಾರಾಳವಾದ ಚಲನೆ ಇಲ್ಲವೆಂಬುದು ಯಾರ ಕಣ್ಣಿಗಾದರೂ ಬೀಳುತ್ತದೆ. ಯುದ್ಧಗಳಲ್ಲಿ ಸೈನ್ಯಗಳು ನುಗ್ಗುವ ಬದಲು ಒಂದು ಸ್ಥಿರಚಿತ್ರದ ಮೇಲೆ ಕ್ಯಾಮೆರಾ ಜಾರುತ್ತದೆ, ವೇಗದ ಗೆರೆಗಳು ಹಾದುಹೋಗುತ್ತವೆ, ರಕ್ತ ಚಿಮ್ಮುತ್ತದೆ, ಅಷ್ಟರಲ್ಲಿ ಒಬ್ಬ ಬಿದ್ದಿರುತ್ತಾನೆ. ಗಟ್ಸ್ ಒಬ್ಬನೇ ನೂರು ಮಂದಿಯನ್ನು ಎದುರಿಸುವ ಪ್ರಸಂಗದಲ್ಲಿ ಹೋರಾಟದ ದಣಿವು ಮೈಗೆ ತಾಗುವಷ್ಟು ಚಲನೆ ಬೇಕಾಗಿತ್ತು. ನದಿಯನ್ನು ಬೆನ್ನಿಗಿಟ್ಟುಕೊಂಡು ಗ್ರಿಫಿತ್ ತನಗಿಂತ ಎಷ್ಟೋ ದೊಡ್ಡ ಸೇನೆಯನ್ನು ಡೊಲ್‌ಡ್ರೇ ಕೋಟೆಯಿಂದ ಹೊರಗೆಳೆಯುವ ತಂತ್ರವೂ ಮಾತಿನಲ್ಲಿ ಅರ್ಥವಾಗುತ್ತದೆಯೇ ವಿನಾ ಕಣ್ಣಿಗೆ ಕಟ್ಟುವುದಿಲ್ಲ. ಆದರೆ ಅದೇ ಬಡತನ ಬೇರೆ ಕಡೆ ಗುಣವಾಗಿ ಪರಿಣಮಿಸಿದೆ. ಕಲಾ ನಿರ್ದೇಶಕ ಶಿಚಿರೊ ಕೊಬಾಯಾಶಿ ಅವರ ಹಿನ್ನೆಲೆ ಚಿತ್ರಗಳಲ್ಲಿ ಮಂದ ಬಣ್ಣಗಳು, ಒರಟು ಕುಂಚದ ಗುರುತುಗಳು, ಒದ್ದೆ ಕಲ್ಲಿನ ಗೋಡೆಗಳಿವೆ. ನಿರ್ಣಾಯಕ ಕ್ಷಣ ಬಂದಾಗ ಚಲನೆ ನಿಂತು, ಇಡೀ ಪರದೆ ಕೈಯಿಂದ ಬರೆದ ವರ್ಣಚಿತ್ರವಾಗಿ ಗಟ್ಟಿಯಾಗುತ್ತದೆ. ಹಿಮದಲ್ಲಿ ನಡೆಯುವ ದ್ವಂದ್ವ ಕೆಲವೇ ಕ್ಷಣಗಳದ್ದು. ಅದರ ಭಾರವೆಲ್ಲ ಅದಕ್ಕೆ ಮುಂಚಿನ ನಿಶ್ಚಲತೆಯಲ್ಲಿದೆ. ಇದನ್ನು ಹಣವಿಲ್ಲದ್ದರಿಂದ ಆದದ್ದೆಂದು ತಳ್ಳಿಹಾಕುವವರು ಆ ದೃಶ್ಯವನ್ನು ಇನ್ನೊಮ್ಮೆ ನೋಡಬೇಕು.

ಸುಸುಮು ಹಿರಸಾವಾ ಅವರ ಸಂಗೀತ ಸಿಂಥಸೈಜರ್ ನಾದವನ್ನೂ ಮನುಷ್ಯ ಕಂಠಗಳನ್ನೂ ಬೆರೆಸಿ, ಯಾವ ದೇಶಕ್ಕೂ ಯಾವ ಕಾಲಕ್ಕೂ ಸೇರದ ಒಂದು ಧ್ವನಿಯನ್ನು ಕಟ್ಟಿದೆ. ಗಟ್ಸ್‌ನ ರಾಗ ಕತ್ತಿ ಬೀಸುವಾಗ ಬರುವುದಿಲ್ಲ, ಕತ್ತಿ ಕೆಳಗಿಟ್ಟು ಒಬ್ಬನೇ ಕುಳಿತಾಗ ಬರುತ್ತದೆ. ಸ್ವರಸಂಯೋಜನೆಗಳು ಕೆಲವೇ ಇರುವುದರಿಂದ ಮತ್ತೆ ಮತ್ತೆ ಅವನ್ನೇ ಕೇಳಬೇಕಾಗುತ್ತದೆ ಎಂಬ ದೂರು ನ್ಯಾಯವಾದದ್ದೇ. ಆದಿ ಮತ್ತು ಅಂತ್ಯದ ಇಂಗ್ಲಿಷ್ ರಾಕ್ ಹಾಡುಗಳಂತೂ ಬೇರೆ ಯಾವುದೋ ಸರಣಿಯಿಂದ ತಪ್ಪಿಬಂದಂತಿವೆ. ಅವುಗಳಿಗೂ ಅಭಿಮಾನಿಗಳಿದ್ದಾರೆ, ನಾನು ಅವರಲ್ಲೊಬ್ಬನಲ್ಲ.

ಆಸ್ಥಾನದ ಶತ್ರುಗಳ ಚಿತ್ರಣ ತೆಳುವಾದದ್ದೆಂದು ಒಂದೇ ಮಾತಿನಲ್ಲಿ ಹೇಳಿ ಮುಂದಕ್ಕೆ ಹೋಗುತ್ತೇನೆ. ಅದಕ್ಕಿಂತ ಗಂಭೀರವಾದ ದೋಷ ಕಾಸ್ಕಾಳದ್ದು, ಅಂದರೆ ಅವಳನ್ನು ಸರಣಿ ನಡೆಸಿಕೊಂಡ ರೀತಿಯದ್ದು. ಗಿಡುಗ ಪಡೆಯ ದಳನಾಯಕಿಯಾದ ಆಕೆ, ಗ್ರಿಫಿತ್ ಸೆರೆಯಲ್ಲಿದ್ದ ಒಂದು ವರ್ಷ ಚದುರಿದ ಪಡೆಯನ್ನು ಹಿಡಿದಿಟ್ಟವಳು. ಆ ವರ್ಷದ ಅವಳ ನಾಯಕತ್ವವನ್ನು ಸರಣಿ ನಮಗೆ ತೋರಿಸುವುದೇ ಇಲ್ಲ. ಗಟ್ಸ್ ಮರಳಿ ಬಂದ ಮೇಲೆಯೇ ಕಥೆ ಮರಳಿ ಅವಳ ಬಳಿಗೆ ಬರುತ್ತದೆ. ಅವಳ ಪೂರ್ವಕಥೆಯೂ ಕಾಯಿಲೆಯಾಗಿ ಯುದ್ಧದಲ್ಲಿ ಕುಸಿದು, ಗಟ್ಸ್‌ನಿಂದ ರಕ್ಷಿಸಲ್ಪಟ್ಟ ಸಂದರ್ಭದಲ್ಲಿ ಅವನಿಗೆ ಹೇಳುವ ಮಾತಾಗಿಯೇ ಹೊರಬರುತ್ತದೆ. ಗ್ರಹಣದ ಕೊನೆಯಲ್ಲಿ ಗ್ರಿಫಿತ್ ಅವಳ ಮೇಲೆ ನಡೆಸುವ ಅತ್ಯಾಚಾರವನ್ನು ನೋಡುವ ಕಣ್ಣು ಗಟ್ಸ್‌ನದು, ಕೂಗುವ ದನಿಯೂ ಗಟ್ಸ್‌ನದು. ನೋವು ಅವಳದಾದರೂ ಕಥೆಯ ಲೆಕ್ಕದಲ್ಲಿ ಅದು ಇಬ್ಬರು ಗಂಡಸರ ನಡುವಿನ ವ್ಯವಹಾರವಾಗಿಬಿಡುತ್ತದೆ. ಮಂಗಾಕ್ಕೆ ಹೋಲಿಸಿದರೆ ಸರಣಿಯ ಚಿತ್ರಣದಲ್ಲಿ ಒಂದಿಷ್ಟು ಹಿಡಿತವಿದೆ ಎಂಬ ಸಮರ್ಥನೆ ಇಲ್ಲಿ ಸಾಲದು. ಕ್ರೌರ್ಯವನ್ನು ತೋರಿಸಿದ್ದಕ್ಕೆ ನನ್ನ ಆಕ್ಷೇಪವಿಲ್ಲ. ಕ್ರೌರ್ಯಕ್ಕೆ ಒಳಗಾದವಳನ್ನು ಆ ಕ್ಷಣದಲ್ಲಿ ಬರಿಯ ಸಾಧನವಾಗಿ ಬಳಸಿದ್ದಕ್ಕೆ ಇದೆ.

ಈಗ ಮೊದಲು ಹೇಳಿದ ನಿರ್ಧಾರದ ಇನ್ನೊಂದು ಮುಖಕ್ಕೆ ಬರೋಣ. ಮನುಷ್ಯರ ಕಥೆಯನ್ನೇ ಹೇಳುತ್ತೇವೆಂದು ಹೊರಟವರು ಅದಕ್ಕೆ ಅಡ್ಡವಾಗುವ ಕಲ್ಪನಾಲೋಕದ ಪಾತ್ರಗಳನ್ನು ಕೈಬಿಟ್ಟರು. ಅವರಲ್ಲಿ ಮುಖ್ಯನಾದವನು ಅಸ್ಥಿಮುಖದ ಅಶ್ವಾರೋಹಿ. ಮಂಗಾದಲ್ಲಿ ಗ್ರಹಣದ ನರಕದಿಂದ ಗಟ್ಸ್ ಮತ್ತು ಕಾಸ್ಕಾರನ್ನು ಹೊರತರುವವನು ಅವನೇ. ಅವನೇ ಇಲ್ಲದ ಮೇಲೆ ಅವರು ಬದುಕುವುದಾದರೂ ಹೇಗೆ? ಸರಣಿ ಇದಕ್ಕೆ ಉತ್ತರಿಸುವುದಿಲ್ಲ. ಗಟ್ಸ್‌ನ ಕಣ್ಣು ಹೋಗುವ ಕ್ಷಣಕ್ಕೆ ದುರಂತವನ್ನು ಕಡಿದು, ಕಪ್ಪು ಉಡುಪಿನ ಅಲೆಮಾರಿಯತ್ತ ಒಮ್ಮೆ ಕಣ್ಣು ಹಾಯಿಸಿ ತೆರೆ ಎಳೆಯುತ್ತದೆ. ಆ ನಾಲ್ವರು ದೇವತೆಗಳು ಯಾರು, ಅವರಿಗೆ ಬೇಕಾದದ್ದೇನು, ಕಾಸ್ಕಾ ಏನಾದಳು, ಇವೆಲ್ಲ ತೂಗಾಡುತ್ತಲೇ ಉಳಿಯುತ್ತವೆ. ಈ ಅಪೂರ್ಣತೆಯೇ ಕಲೆ, ಹತಾಶೆಯ ಕಥೆಗೆ ಇದಕ್ಕಿಂತ ತಕ್ಕ ಮುಕ್ತಾಯವಿಲ್ಲ ಎಂದು ವಾದಿಸುವವರನ್ನು ನಾನು ಬಲ್ಲೆ. ಗ್ರಿಫಿತ್‌ನ ಕಥೆಗೆ ಆ ಮಾತು ಸಲ್ಲುತ್ತದೆ, ಏಕೆಂದರೆ ಅವನ ಬದುಕು ಆ ಬಲಿಯಲ್ಲಿ ತನ್ನ ತುದಿಯನ್ನು ಮುಟ್ಟಿದೆ. ಗಟ್ಸ್‌ನ ಕಥೆಗೆ ಅದು ಸಲ್ಲುವುದಿಲ್ಲ. ಮೊದಲ ಕಂತಿನಲ್ಲಿ ಅವನನ್ನು ಸೇಡಿನ ದಾರಿಯಲ್ಲಿ ತೋರಿಸಿದ ಸರಣಿಗೆ, ಅವನು ಆ ದಾರಿಗೆ ಹೇಗೆ ಬಂದನೆಂದು ಹೇಳುವ ಹೊಣೆಯೂ ಇತ್ತು.

ಮುಂದೆ ಬಂದವರು ಈ ಕೊರತೆಯನ್ನು ತುಂಬಲು ನೋಡಿದರು. 2012 ಮತ್ತು 2013ರಲ್ಲಿ ಸ್ಟುಡಿಯೊ 4°ಸಿ ತೆರೆಗೆ ತಂದ ಮೂರು ಚಲನಚಿತ್ರಗಳಲ್ಲಿ ಅಶ್ವಾರೋಹಿ ಇದ್ದಾನೆ, ಗ್ರಹಣಕ್ಕೆ ಮುಕ್ತಾಯವಿದೆ, ಯುದ್ಧಗಳಿಗೆ ಬೇಕಾದಷ್ಟು ಓಟವಿದೆ. ಆದರೆ ಸ್ನೇಹ ಬೆಳೆಯಲು ಬೇಕಾದ ಬಿಡುವೇ ಇಲ್ಲ. ಯುದ್ಧದ ರಾತ್ರಿ ಗುಡ್ಡದ ಮೇಲೆ ನಿಂತು ಶಿಬಿರದ ಬೆಂಕಿಗಳನ್ನು ನೋಡುತ್ತ, ಪ್ರತಿಯೊಬ್ಬನೂ ತನ್ನ ಪುಟ್ಟ ಕನಸನ್ನು ಗ್ರಿಫಿತ್‌ನ ದೊಡ್ಡ ಜ್ವಾಲೆಗೆ ಎಸೆದಿದ್ದಾನೆಂದು ಗಟ್ಸ್ ಕಾಸ್ಕಾಳಿಗೆ ಹೇಳುವ ಪ್ರಸಂಗ ಆ ಚಿತ್ರಗಳಲ್ಲಿ ಬಿಟ್ಟುಹೋಗಿತ್ತು. 2022ರಲ್ಲಿ ಅವನ್ನು ಕಂತುಗಳಾಗಿ ಮರುಜೋಡಿಸಿದಾಗಲಷ್ಟೇ ಸೇರಿಕೊಂಡಿತು. 2016 ಮತ್ತು 2017ರ ಸರಣಿ ಕಥೆಯನ್ನು ಗ್ರಹಣದ ಆಚೆಗೆ ಒಯ್ದರೂ, ಅದರ ಬಿರುಸು ಕಂಪ್ಯೂಟರ್ ಚಿತ್ರಗಳೂ ಒಂದೆಡೆ ನಿಲ್ಲಲಾರದ ಕ್ಯಾಮೆರಾವೂ ಬಹುಪಾಲು ಅಭಿಮಾನಿಗಳನ್ನು ದೂರ ತಳ್ಳಿದವು. 1997ರ ಸರಣಿಯ ಸ್ಥಿರಚಿತ್ರಗಳ ಬೆಲೆ ಹಲವರಿಗೆ ತಿಳಿದದ್ದು ಆಗಲೇ.

ಆದ್ದರಿಂದ ಹೊಸಬರು ಕೇಳಿದರೆ ನಾನು ಈಗಲೂ 1997ರ ಸರಣಿಯಿಂದಲೇ ಆರಂಭಿಸಲು ಹೇಳುತ್ತೇನೆ. ಕೊನೆಯ ಕಂತಿನ ನಂತರ ಕೋಪ ಬಂದರೆ ಅದು ಸಹಜ. ಅಂಥವರು ಮಂಗಾದ ಹದಿಮೂರನೆಯ ಸಂಪುಟವನ್ನು ತೆರೆಯಬಹುದು, ಗಟ್ಸ್ ಅಲ್ಲಿಂದ ಹೊರಬಂದದ್ದು ಹೇಗೆಂಬುದಕ್ಕೆ ಉತ್ತರ ಅಲ್ಲಿದೆ. ಕಾಸ್ಕಾಳ ವಿಷಯದಲ್ಲಿ ನಾನು ಎತ್ತಿದ ಆಕ್ಷೇಪಕ್ಕೆ ಮಾತ್ರ ಆ ಸಂಪುಟದಲ್ಲೂ ಉತ್ತರ ಸಿಗುವುದಿಲ್ಲ.